ಹಳೆಯ ರೇಡಿಯೊ ನಾಟಕ ವೇದಿಕೆಯ ಮೇಲೆ: ಹವ್ಯಾಸಿ ತಂಡಗಳಿಗೆ ಒಂದು ಕೈಪಿಡಿ

ಡಿಸೆಂಬರ್ ಬಂತೆಂದರೆ ಅಮೆರಿಕದ ಎಷ್ಟೋ ಊರುಗಳ ಹವ್ಯಾಸಿ ರಂಗಮಂದಿರಗಳಲ್ಲಿ ಒಂದು ಬೇರೆಯೇ ಬಗೆಯ ನಾಟಕ ನಡೆಯುತ್ತದೆ. ವೇದಿಕೆಯ ಮೇಲೆ ಮನೆಯಿಲ್ಲ, ಬೀದಿಯಿಲ್ಲ, ಪರದೆಯ ಮೇಲೆ ಬರೆದ ಚಿತ್ರವೂ ಇಲ್ಲ. ನಾಲ್ಕಾರು ಮೈಕು, ಹಿಂದೆ ಸಾಲಾಗಿ ಕುರ್ಚಿ, ಒಂದು ಪಕ್ಕದಲ್ಲಿ ಉದ್ದನೆಯ ಮೇಜು. ಆ ಮೇಜಿನ ಮೇಲೆ ಹಳೆಯ ಬೂಟು, ಗಾಜಿನ ಲೋಟ, ನೀರಿನ ಬೋಗುಣಿ, ಚೌಕಟ್ಟಿಗೆ ಕೂರಿಸಿದ ಪುಟ್ಟ ಬಾಗಿಲು. ಐದು ಜನ ನಟರು ಕೈಯಲ್ಲಿ ಹಾಳೆ ಹಿಡಿದು ಬಂದು ಮೈಕಿನ ಮುಂದೆ ನಿಲ್ಲುತ್ತಾರೆ. 'ಆನ್ ಏರ್' ಎಂಬ ಕೆಂಪು ದೀಪ ಹೊತ್ತಿಕೊಳ್ಳುತ್ತದೆ. ಮುಂದಿನ ಒಂದೂವರೆ ಗಂಟೆ ಆ ಐವರೇ ಊರಿನ ಹತ್ತಾರು ಜನರಾಗುತ್ತಾರೆ, ಬೂಟು ಹಿಮದ ಮೇಲೆ ನಡೆಯುತ್ತದೆ, ಬೋಗುಣಿ ನದಿಯಾಗುತ್ತದೆ.

ನಾಟಕದ ಹೆಸರು 'ಇಟ್ಸ್ ಎ ವಂಡರ್‌ಫುಲ್ ಲೈಫ್: ಎ ಲೈವ್ ರೇಡಿಯೊ ಪ್ಲೇ'. 1946ರಲ್ಲಿ ಫ್ರಾಂಕ್ ಕಾಪ್ರಾ ನಿರ್ದೇಶಿಸಿದ ಸಿನಿಮಾದ ಕಥೆಯನ್ನು ಜೋ ಲ್ಯಾಂಡ್ರಿ ಎಂಬ ನಾಟಕಕಾರರು 1940ರ ದಶಕದ ಸ್ಟುಡಿಯೊ ಒಂದರ ನೇರ ಪ್ರಸಾರದ ರೂಪಕ್ಕೆ ತಂದರು. ಪ್ರೇಕ್ಷಕರೇ ಅಲ್ಲಿ ಸ್ಟುಡಿಯೊ ಶ್ರೋತೃಗಳು. ಕಣ್ಣೆದುರು ಸದ್ದು ಹುಟ್ಟುತ್ತದೆ, ಕಣ್ಣು ಮುಚ್ಚಿದರೆ ಊರು ಕಾಣುತ್ತದೆ. ಈ ಎರಡರ ನಡುವಿನ ಸುಖಕ್ಕಾಗಿಯೇ ಜನ ಟಿಕೆಟ್ ಕೊಂಡು ಬರುತ್ತಾರೆ.

ಇದು ಹವ್ಯಾಸಿ ತಂಡಗಳಿಗೆ ಹೇಳಿ ಮಾಡಿಸಿದ ಪ್ರಕಾರ ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಮಾತು ಬಾಯಿಪಾಠ ಮಾಡಬೇಕಾಗಿಲ್ಲ, ರಂಗಸಜ್ಜಿಕೆಗೆ ಬಡಗಿ ಬೇಡ, ಪಾತ್ರಕ್ಕೊಂದು ಉಡುಪು ಹೊಲಿಸಬೇಕಿಲ್ಲ. ಇಡೀ ದಿನ ಕಚೇರಿಯಲ್ಲಿ ದುಡಿದು ಸಂಜೆ ತಾಲೀಮಿಗೆ ಬರುವವರಿಗೆ ಇದಕ್ಕಿಂತ ದೊಡ್ಡ ಅನುಕೂಲವಿಲ್ಲ. ಇನ್ನೂ ಮುಖ್ಯವಾದದ್ದು ಬೇರೆ ಇದೆ. ಎಪ್ಪತ್ತು ದಾಟಿದ ನಟಿ ಇಲ್ಲಿ ಹದಿನೆಂಟರ ಹುಡುಗಿಯಾಗಬಹುದು. ಗಾಲಿಕುರ್ಚಿಯಲ್ಲಿ ಕುಳಿತವರು ಕುದುರೆ ಸವಾರರಾಗಬಹುದು. ಕಣ್ಣು ಕಾಣದವರು ಬ್ರೈಲ್ ಹಾಳೆಯ ಮೇಲೆ ಬೆರಳಾಡಿಸುತ್ತ ನಾಯಕನ ಪಾತ್ರವನ್ನೇ ವಹಿಸಬಹುದು. ಮಾಮೂಲಿ ನಾಟಕದಲ್ಲಿ 'ಈ ಪಾತ್ರಕ್ಕೆ ಹೊಂದುವುದಿಲ್ಲ' ಎಂದು ಹಿಂದೆ ಉಳಿದವರಿಗೆಲ್ಲ ಇಲ್ಲಿ ಜಾಗ ಇದೆ.

ಆದರೆ ಸುಲಭ ಎಂದುಕೊಂಡು ಕೈಹಾಕಿ ಸೋಲುವ ತಂಡಗಳೂ ಇವೆ. ಅವು ಸೋಲುವುದು ಸಾಮಾನ್ಯವಾಗಿ ಒಂದೇ ಕಡೆ: ಕಿವಿಗೆ ಬರೆದದ್ದನ್ನು ಕಣ್ಣಿಗೆ ಅಭಿನಯಿಸಲು ಹೋಗುತ್ತವೆ. ಈ ಲೇಖನದಲ್ಲಿ ಹೇಳುವುದೆಲ್ಲ ಆ ತಪ್ಪಿನಿಂದ ದೂರ ಉಳಿಯುವ ದಾರಿ.

ಹಿನ್ನೆಲೆ

ರೇಡಿಯೊಗೆಂದೇ ಬರೆದ ಮೊದಲ ನಾಟಕ ಎಂದು ಹೆಸರಾದದ್ದು ರಿಚರ್ಡ್ ಹ್ಯೂಸ್ ಅವರ 'ಡೇಂಜರ್'. 1924ರ ಜನವರಿ 15ರಂದು ಬಿಬಿಸಿ ಅದನ್ನು ಲಂಡನ್ನಿನಿಂದ ಪ್ರಸಾರ ಮಾಡಿತು. ವೇಲ್ಸ್‌ನ ಕಲ್ಲಿದ್ದಲ ಗಣಿಯೊಳಗೆ ದೀಪ ಆರಿಹೋಗುತ್ತದೆ, ಒಳಗಿದ್ದವರು ಕತ್ತಲಲ್ಲಿ ಸಿಕ್ಕಿಕೊಳ್ಳುತ್ತಾರೆ. ಕೇಳುವವನಿಗೂ ಪಾತ್ರಗಳಿಗೂ ಒಂದೇ ಕತ್ತಲು. ಕೇಳುಗನ ಕುರುಡನ್ನೇ ಕಥೆಯ ಬಲವಾಗಿಸಿಕೊಂಡ ಈ ಉಪಾಯ ನೂರು ವರ್ಷವಾದರೂ ಹಳತಾಗಿಲ್ಲ.

ಅಮೆರಿಕದಲ್ಲಿ 1930ರಿಂದ 1950ರ ದಶಕದ ನಡುಭಾಗದವರೆಗೆ ರೇಡಿಯೊ ನಾಟಕ ಮನೆಮನೆಯ ಮಾತಾಗಿತ್ತು. 'ದಿ ಶ್ಯಾಡೊ', 'ಲಕ್ಸ್ ರೇಡಿಯೊ ಥಿಯೇಟರ್', 'ಸಸ್ಪೆನ್ಸ್', ಹಾಸ್ಯದಲ್ಲಿ ಜಾಕ್ ಬೆನ್ನಿ, ಬರ್ನ್ಸ್ ಮತ್ತು ಆಲನ್, 'ಫಿಬ್ಬರ್ ಮೆಕ್‌ಗೀ ಅಂಡ್ ಮಾಲಿ'. ಆಗಿನ ದೊಡ್ಡ ಜಾಲಗಳು ಧ್ವನಿಮುದ್ರಿಕೆ ಹಾಕಲು ಒಪ್ಪುತ್ತಿರಲಿಲ್ಲ, ಎಲ್ಲವೂ ನೇರ ಪ್ರಸಾರ. ಪೂರ್ವ ಕರಾವಳಿಗೆ ಒಮ್ಮೆ ಆಡಿದ ನಾಟಕವನ್ನು ಅದೇ ನಟರು ಕೆಲವು ಗಂಟೆ ಕಾದು ಪಶ್ಚಿಮ ಕರಾವಳಿಗೆ ಮತ್ತೆ ಆಡುತ್ತಿದ್ದರು. ಟಿವಿ ಬಂದ ಮೇಲೆ ಒಂದೊಂದೇ ಕಾರ್ಯಕ್ರಮ ನಿಂತು, 1962ರ ಸೆಪ್ಟೆಂಬರ್ 30ರಂದು 'ಸಸ್ಪೆನ್ಸ್' ಮತ್ತು 'ಯುವರ್ಸ್ ಟ್ರೂಲಿ, ಜಾನಿ ಡಾಲರ್' ಕೊನೆಯ ಬಾರಿ ಪ್ರಸಾರವಾದವು. ಆ ದಿನವನ್ನೇ ಒಂದು ಯುಗದ ಕೊನೆ ಎಂದು ಅಭಿಮಾನಿಗಳು ಎಣಿಸುತ್ತಾರೆ.

ಅಭಿಮಾನಿಗಳು ಸುಮ್ಮನೆ ಕೂರಲಿಲ್ಲ. ಕ್ಯಾಲಿಫೋರ್ನಿಯಾದಲ್ಲಿ 1974ರಲ್ಲಿ ಹುಟ್ಟಿದ 'ಸ್ಪೆರ್ಡ್‌ವ್ಯಾಕ್' ಸಂಘ ಹಳೆಯ ಮುದ್ರಿಕೆ, ಹಸ್ತಪ್ರತಿಗಳನ್ನು ಕೂಡಿಡತೊಡಗಿತು. ನ್ಯೂಜೆರ್ಸಿಯ ನೆವಾರ್ಕ್‌ನಲ್ಲಿ 2011ರವರೆಗೆ ವರ್ಷಕ್ಕೊಮ್ಮೆ ಸೇರುತ್ತಿದ್ದ 'ಫ್ರೆಂಡ್ಸ್ ಆಫ್ ಓಲ್ಡ್ ಟೈಮ್ ರೇಡಿಯೊ' ಸಮಾವೇಶದಲ್ಲಿ, ಒಂದು ಕಾಲಕ್ಕೆ ರೇಡಿಯೊದಲ್ಲಿ ದುಡಿದ ಹಿರಿಯ ನಟರೇ ಹಳೆಯ ನಾಟಕಗಳನ್ನು ವೇದಿಕೆಯ ಮೇಲೆ ಮತ್ತೆ ಓದುತ್ತಿದ್ದರು. ಊರೂರಿನ ಹವ್ಯಾಸಿ ತಂಡಗಳು ಇಂದು ಮಾಡುತ್ತಿರುವ ಕೆಲಸವೂ ಇದೇ ಜಾತಿಯದು.

ಯಾವ ನಾಟಕ ಆರಿಸಬೇಕು?

ತಂಡ ಕಟ್ಟುವ ಮೊದಲೇ ಹಸ್ತಪ್ರತಿ ಆರಿಸಿಕೊಳ್ಳಿ. ಅದಕ್ಕೊಂದು ಸರಳ ಪರೀಕ್ಷೆಯಿದೆ. ಇಬ್ಬರು ಕೂತು ಮೊದಲ ಐದು ಪುಟ ಜೋರಾಗಿ ಓದಲಿ, ಮೂರನೆಯವರು ಬೆನ್ನು ತಿರುಗಿಸಿ ಕೂತು ಕೇಳಲಿ. ಯಾರು ಯಾರು ಮಾತಾಡುತ್ತಿದ್ದಾರೆ, ಎಲ್ಲಿದ್ದಾರೆ, ಹೊತ್ತು ಯಾವುದು ಎಂದು ಆ ಮೂರನೆಯವರಿಗೆ ತಿಳಿದರೆ ನಾಟಕ ಗಟ್ಟಿ. ಗೊತ್ತಾಗದಿದ್ದರೆ ಎಷ್ಟು ಪ್ರಸಿದ್ಧ ಕೃತಿಯಾದರೂ ಬಿಟ್ಟುಬಿಡಿ. ಒಂದೇ ದೃಶ್ಯದಲ್ಲಿ ನಾಲ್ಕಕ್ಕಿಂತ ಹೆಚ್ಚು ದನಿಗಳಿದ್ದರೆ ಕಿವಿ ಎಡವುತ್ತದೆ ಎಂಬುದನ್ನೂ ನೆನಪಿಡಿ.

ರೋಮಾಂಚಕ ಕಥೆಗಳು ಹೊಸಬರಿಗೆ ಸಲೀಸು. ಲೂಸಿಲ್ ಫ್ಲೆಚರ್ ಬರೆದ 'ಸಾರಿ, ರಾಂಗ್ ನಂಬರ್' ನೋಡಿ. 1943ರ ಮೇ 25ರಂದು 'ಸಸ್ಪೆನ್ಸ್'ನಲ್ಲಿ ಮೊದಲು ಬಂತು. ಹಾಸಿಗೆ ಹಿಡಿದ ಹೆಂಗಸೊಬ್ಬಳು ಫೋನಿನಲ್ಲಿ ಯಾರದೋ ಮಾತು ಅಡ್ಡ ಬಂದು ಒಂದು ಕೊಲೆಯ ಸಂಚನ್ನು ಕೇಳಿಸಿಕೊಳ್ಳುತ್ತಾಳೆ, ಯಾರಿಗೆ ಹೇಳಿದರೂ ನಂಬುವವರಿಲ್ಲ. ಅರ್ಧ ಗಂಟೆಯ ಈ ನಾಟಕದಲ್ಲಿ ಇರುವುದು ಮುಖ್ಯವಾಗಿ ಒಬ್ಬ ನಟಿ, ಒಂದು ಫೋನು. ಆಗ್ನೆಸ್ ಮೂರ್‌ಹೆಡ್ ಅದನ್ನು ರೇಡಿಯೊದಲ್ಲಿ ಹಲವು ಬಾರಿ ಆಡಿದರು. ತಂಡದಲ್ಲಿ ಒಬ್ಬ ಗಟ್ಟಿ ನಟಿಯಿದ್ದರೆ ಇದಕ್ಕಿಂತ ಒಳ್ಳೆಯ ಆಯ್ಕೆ ನನಗೆ ತೋಚದು.

ಎಲ್ಲರ ಬಾಯಲ್ಲೂ ಇರುವುದು 1938ರ ಅಕ್ಟೋಬರ್ 30ರ 'ದಿ ವಾರ್ ಆಫ್ ದಿ ವರ್ಲ್ಡ್ಸ್'. ಎಚ್.ಜಿ. ವೆಲ್ಸ್ ಕಾದಂಬರಿ, ಹೊವರ್ಡ್ ಕೋಚ್ ಹಸ್ತಪ್ರತಿ, ನಿರ್ದೇಶನ 23 ವರ್ಷದ ಆರ್ಸನ್ ವೆಲ್ಸ್. ದೇಶಕ್ಕೆ ದೇಶವೇ ದಿಕ್ಕೆಟ್ಟು ಓಡಿತು ಎಂಬ ಕಥೆಯನ್ನು ಮರುದಿನದ ಪತ್ರಿಕೆಗಳು ಬಹಳ ಹಿಗ್ಗಿಸಿದವು ಎಂದು ಇತಿಹಾಸಕಾರರು ಈಗ ಹೇಳುತ್ತಾರೆ. ಅದು ಹೇಗೇ ಇರಲಿ, ಕಲಿಯಬೇಕಾದದ್ದು ಅದರ ಕುಶಲತೆಯನ್ನು. ವರದಿಗಾರ ಕಾರ್ಲ್ ಫಿಲಿಪ್ಸ್‌ನ ಪಾತ್ರ ವಹಿಸಿದ ಫ್ರಾಂಕ್ ರೀಡಿಕ್, ಹಿಂದಿನ ವರ್ಷ ಹಿಂಡೆನ್‌ಬರ್ಗ್ ವಾಯುನೌಕೆ ಹೊತ್ತಿ ಉರಿದಾಗ ಹರ್ಬರ್ಟ್ ಮಾರಿಸನ್ ಮಾಡಿದ ವರದಿಯ ಮುದ್ರಿಕೆಯನ್ನು ತಾಲೀಮಿಗೆ ಮುಂಚೆ ಮತ್ತೆ ಮತ್ತೆ ಕೇಳಿದ್ದರು. ವೃತ್ತಿಯ ದನಿ ಹಿಡಿತ ತಪ್ಪಿ ಬರೀ ಮನುಷ್ಯನ ದನಿಯಾಗುವ ಆ ಗಳಿಗೆಯನ್ನು ಅವರು ಅಲ್ಲಿಂದ ಹಿಡಿದರು. ಮಂಗಳ ಗ್ರಹದವರ ಬೆಂಕಿ ಹತ್ತಿರ ಬರುತ್ತದೆ, ಫಿಲಿಪ್ಸ್ ಮಾತಿನ ನಡುವೆ ಕಡಿದುಹೋಗುತ್ತಾನೆ. ಆಮೇಲೆ ಕೆಲವು ಸೆಕೆಂಡು ಪೂರ್ತಿ ಮೌನ. ಸಂಗೀತವಿಲ್ಲ, ಚೀರಾಟವಿಲ್ಲ. ಅಷ್ಟು ದೀರ್ಘ ಮೌನವನ್ನು ಹಿಡಿದು ನಿಲ್ಲಿಸುವ ಧೈರ್ಯ ನಿಮ್ಮ ತಂಡಕ್ಕಿದೆಯೇ ಎಂದು ಕೇಳಿಕೊಂಡು ಈ ನಾಟಕಕ್ಕೆ ಕೈಹಾಕಿ. ಎಷ್ಟೋ ತಂಡಗಳು ಒಂದು ಸೆಕೆಂಡಿನಲ್ಲೇ ಗಾಬರಿಯಾಗಿ ಮುಂದಿನ ಮಾತಿಗೆ ಹಾರುತ್ತವೆ, ಅಲ್ಲಿಗೆ ದೃಶ್ಯ ಸತ್ತಂತೆ.

ಹಾಸ್ಯ ಇದಕ್ಕಿಂತ ಕಷ್ಟ. ಆ ಕಾಲದ ಹಾಸ್ಯದ ಅರ್ಧ ಭಾಗ ಆ ಕಾಲದ ರಾಜಕಾರಣಿ, ಸಿನಿಮಾ ನಟ, ಸಾಬೂನಿನ ಜಾಹೀರಾತಿನ ಸುತ್ತ ಹೆಣೆದದ್ದು. ಅದನ್ನು ಈಗ ವಿವರಿಸಿ ನಗಿಸಲಾಗದು. ಸ್ವಭಾವದಿಂದ ಹುಟ್ಟಿದ ನಗೆ ಮಾತ್ರ ಉಳಿಯುತ್ತದೆ. ಜಾಕ್ ಬೆನ್ನಿ ರೇಡಿಯೊದಲ್ಲಿ ಕಟ್ಟಿಕೊಂಡಿದ್ದು ಮಹಾ ಜಿಪುಣನ ಪಾತ್ರ. 1948ರ ಮಾರ್ಚ್ 28ರ ಕಾರ್ಯಕ್ರಮದಲ್ಲಿ ಕಳ್ಳನೊಬ್ಬ ಅಡ್ಡಗಟ್ಟಿ ದುಡ್ಡು ಬೇಕೋ ಪ್ರಾಣ ಬೇಕೋ ಎಂದು ಕೇಳುತ್ತಾನೆ. ಬೆನ್ನಿ ಉತ್ತರವನ್ನೇ ಕೊಡುವುದಿಲ್ಲ. ಮೌನ ಬೆಳೆದಂತೆ ನಗೆಯೂ ಬೆಳೆಯುತ್ತದೆ. ಕಳ್ಳ ರೇಗಿದಾಗ, ಯೋಚನೆ ಮಾಡುತ್ತಿದ್ದೇನೆ ಎನ್ನುತ್ತಾನೆ. ಜಿಪುಣರು ಇರುವವರೆಗೆ ಈ ನಗೆ ಬತ್ತುವುದಿಲ್ಲ. 'ಫಿಬ್ಬರ್ ಮೆಕ್‌ಗೀ'ಯ ಕಪಾಟು ಇನ್ನೊಂದು ಉದಾಹರಣೆ. ಬಾಗಿಲು ತೆಗೆದೊಡನೆ ತುರುಕಿಟ್ಟ ಸಾಮಾನೆಲ್ಲ ದಬದಬನೆ ಉರುಳಿ, ಎಲ್ಲ ಮುಗಿಯಿತು ಎನ್ನುವಷ್ಟರಲ್ಲಿ ಕೊನೆಗೆ ಒಂದು ಪುಟ್ಟ ಗಂಟೆ ಕಿಣಿ ಎನ್ನುತ್ತದೆ. ಕೇಳುಗರಿಗೆ ಒಮ್ಮೆಯೂ ಕಾಣದ ಈ ಕಪಾಟನ್ನು ವೇದಿಕೆಯ ಮೇಲೆ ಕಾಣುವಂತೆ ಮಾಡಿದರೆ, ಅಂದರೆ ಸದ್ದಿನವರು ಪಾತ್ರೆಗಳ ರಾಶಿಯನ್ನು ಕಣ್ಣೆದುರೇ ಕೆಡವಿದರೆ, ನಗೆ ಇಮ್ಮಡಿ.

ಒಂದು ವಿಷಯದಲ್ಲಿ ಮಾತ್ರ ರಾಜಿ ಬೇಡ. ಆ ಕಾಲದ ಹಲವು ಕಾರ್ಯಕ್ರಮಗಳಲ್ಲಿ ಕರಿಯರು, ಏಷ್ಯಾದವರು, ವಲಸಿಗರನ್ನು ಹೀಯಾಳಿಸುವ ಪಾತ್ರಗಳಿವೆ. ಅಮೆರಿಕದ ಅತಿ ಜನಪ್ರಿಯ ಕಾರ್ಯಕ್ರಮಗಳಲ್ಲೊಂದಾದ 'ಏಮಸ್ ಅಂಡ್ ಆಂಡಿ'ಯಲ್ಲಿ ಇಬ್ಬರು ಬಿಳಿಯ ನಟರು ಕರಿಯರ ದನಿಯನ್ನು ಅಣಕಿಸುತ್ತಿದ್ದರು. 'ಆ ಕಾಲ ಹಾಗಿತ್ತು' ಎಂಬ ಸಮಜಾಯಿಷಿಯೊಂದಿಗೆ ಅದನ್ನು ಮತ್ತೆ ಆಡುವುದು ಸಲ್ಲದು. ಒಂದೆರಡು ಸಾಲಿನ ತೊಂದರೆಯಾದರೆ ಅನುಮತಿ ಪಡೆದು ತೆಗೆಯಿರಿ. ಪಾತ್ರದ ಬೇರೇ ಕೆಟ್ಟಿದ್ದರೆ ನಾಟಕವನ್ನೇ ಬಿಡಿ.

ಅನುಮತಿ ಮೊದಲು

ಹಳೆಯ ರೇಡಿಯೊ ನಾಟಕಗಳ ಸಾವಿರಾರು ಮುದ್ರಿಕೆಗಳು, ಹಸ್ತಪ್ರತಿಗಳು ಅಂತರ್ಜಾಲದಲ್ಲಿ ಬಿಟ್ಟಿ ಸಿಗುತ್ತವೆ. ಸಿಕ್ಕಿತು ಎಂದ ಮಾತ್ರಕ್ಕೆ ಆಡುವ ಹಕ್ಕು ಬಂತೆಂದಲ್ಲ. ಕಾದಂಬರಿಯ ಹಕ್ಕು ಬೇರೆ, ಅದರಿಂದ ಮಾಡಿದ ಹಸ್ತಪ್ರತಿಯ ಹಕ್ಕು ಬೇರೆ, ಧ್ವನಿಮುದ್ರಿಕೆಯ ಹಕ್ಕು ಇನ್ನೊಂದು. ಭಾರತದ 1957ರ ಕೃತಿಸ್ವಾಮ್ಯ ಕಾಯಿದೆಯಂತೆ ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ ಹಕ್ಕು ಉಳಿಯುತ್ತದೆ. ಎಚ್.ಜಿ. ವೆಲ್ಸ್ 1946ರಲ್ಲಿ ತೀರಿಕೊಂಡರು, ಅವರ ಕಾದಂಬರಿ ಇಲ್ಲಿ ಎಲ್ಲರದು. ಹೊವರ್ಡ್ ಕೋಚ್ ಬದುಕಿದ್ದದ್ದು 1995ರವರೆಗೆ, ಅವರ ಹಸ್ತಪ್ರತಿ ಎಲ್ಲರದಲ್ಲ. ಹಾಗಾಗಿ ಕಾದಂಬರಿಯನ್ನೇ ಕೈಗೆತ್ತಿಕೊಂಡು ನಿಮ್ಮದೇ ರೇಡಿಯೊ ರೂಪ ಬರೆಯುವುದು ಕ್ಷೇಮ. ಷರ್ಲಾಕ್ ಹೋಮ್ಸ್ ಕಥೆಗಳೂ ಹಾಗೆಯೇ. ಕಾನನ್ ಡಾಯ್ಲ್ ತೀರಿಕೊಂಡದ್ದು 1930ರಲ್ಲಿ, ಅಮೆರಿಕದಲ್ಲಿಯೂ 2023ರಿಂದ ಎಲ್ಲ ಹೋಮ್ಸ್ ಕಥೆಗಳು ಮುಕ್ತವಾಗಿವೆ.

ಹವ್ಯಾಸಿ ಸಂಘವೊಂದು ಪ್ರೇಕ್ಷಕರಿಂದ ಹಣ ಪಡೆಯದೆ ನಾಟಕ ಆಡಿದರೆ ನಮ್ಮ ಕಾಯಿದೆಯಲ್ಲಿ ವಿನಾಯಿತಿ ಇದೆ. ಟಿಕೆಟ್ ಇಟ್ಟರೆ, ಕನ್ನಡಕ್ಕೆ ಅನುವಾದಿಸಿದರೆ, ಯೂಟ್ಯೂಬಿಗೆ ಹಾಕಿದರೆ ಅದನ್ನೇ ನೆಚ್ಚಿಕೊಳ್ಳಬೇಡಿ. ನಾಟಕದ ಹಕ್ಕು ಹಂಚುವ ಪ್ರಕಾಶನ ಸಂಸ್ಥೆಗೆ, ಇಲ್ಲವೇ ಲೇಖಕರ ಮನೆಯವರಿಗೆ ಪತ್ರ ಬರೆದು, ಉತ್ತರವನ್ನು ಕಾಗದದ ಮೇಲೆ ಪಡೆದು, ಆಮೇಲೆ ತಾಲೀಮು ಶುರುಮಾಡಿ.

ಮೈಕಿನ ಮುಂದೆ

ಆ ಕಾಲದ ಸ್ಟುಡಿಯೊಗಳಲ್ಲಿ ಹೆಚ್ಚಾಗಿ ಇದ್ದದ್ದು ಆರ್‌ಸಿಎ ಕಂಪನಿಯ '44' ಮಾದರಿಯ ರಿಬ್ಬನ್ ಮೈಕು. ಅದಕ್ಕೆ ಮುಂದೆಯೂ ಕಿವಿ, ಹಿಂದೆಯೂ ಕಿವಿ. ಎರಡು ಪಕ್ಕಗಳಿಂದ ಬಂದ ಸದ್ದು ಮಾತ್ರ ಅದಕ್ಕೆ ಕೇಳುವುದಿಲ್ಲ. ಆದ್ದರಿಂದ ಇಬ್ಬರು ನಟರು ಎದುರುಬದುರು ನಿಂತು ಕಣ್ಣಲ್ಲಿ ಕಣ್ಣಿಟ್ಟು ಮಾತಾಡಬಹುದಿತ್ತು, ಪಾತ್ರ ಹೊರಗೆ ಹೋಗಬೇಕಾದಾಗ ಪಕ್ಕಕ್ಕೆ ಸರಿದರೆ ಸಾಕಿತ್ತು. ಈಗ ನಮಗೆ ಸಿಗುವ ಮಾಮೂಲಿ ಮೈಕುಗಳಿಗೆ ಮುಂದೆ ಮಾತ್ರ ಕಿವಿ. ಅವುಗಳ ಮುಂದೆ ಎಲ್ಲರೂ ಸಭೆಗೆ ಮುಖಮಾಡಿ ನಿಂತರೆ ಪಾತ್ರಗಳ ನಡುವೆ ಮಾತೇ ನಡೆಯದು, ಅದು ಭಾಷಣವಾಗುತ್ತದೆ. ಎರಡು ಮೈಕುಗಳನ್ನು ಸ್ವಲ್ಪ ಓರೆಯಾಗಿ ಇಟ್ಟು ನಟರ ಮುಖ ಪರಸ್ಪರ ಕಾಣುವಂತೆ ನಿಲ್ಲಿಸಿ. ಸದ್ದಿನ ಮೇಜಿಗೆ ಬೇರೆಯದೇ ಮೈಕು ಕಡ್ಡಾಯ.

ಮಾಮೂಲಿ ಮಾತಿಗೆ ಮೈಕಿನಿಂದ ಒಂದು ಗೇಣು ದೂರ. ಪಿಸುಮಾತಿಗೆ ಹತ್ತಿರ, ಆದರೆ ಬಾಯಿ ಸ್ವಲ್ಪ ಓರೆ. ಕೂಗಿಗೆ ಎರಡು ಹೆಜ್ಜೆ ಹಿಂದೆ. ಹೊರಗಿನಿಂದ ಬರುವ ಪಾತ್ರ ದೂರದಲ್ಲಿ ಮಾತು ಶುರುಮಾಡಿ, ಮಾತಾಡುತ್ತಲೇ ಮೈಕಿನ ಹತ್ತಿರ ಬರಬೇಕು. ಬಾಗಿಲಿನ ಸದ್ದಿಗಿಂತ ಹೆಚ್ಚಾಗಿ ಈ ನಡಿಗೆಯೇ ಕೋಣೆಯನ್ನು ಕಟ್ಟುತ್ತದೆ.

ಕನ್ನಡದಲ್ಲಿ ಆಡುವವರಿಗೆ ಇನ್ನೊಂದು ಎಚ್ಚರ. ನಮ್ಮ ಮಹಾಪ್ರಾಣಗಳು ಮೈಕಿಗೆ ಗಾಳಿ ಹೊಡೆಯುತ್ತವೆ. 'ಭಯ', 'ಫಲ', 'ಧಡಕ್ಕನೆ' ಎಂಬ ಮಾತುಗಳು ನೇರ ಮೈಕಿಗೆ ಬಿದ್ದರೆ ಸಭಾಂಗಣದಲ್ಲಿ ಗುಡುಗು ಬಂದಂತಾಗುತ್ತದೆ. ಅಂಥ ಪದಗಳಿಗೆ ಹಾಳೆಯಲ್ಲಿ ಕೆಂಪು ಗೆರೆ ಎಳೆದುಕೊಂಡು, ಆಗ ಮುಖವನ್ನು ಒಂದಿಷ್ಟು ತಿರುಗಿಸುವ ಅಭ್ಯಾಸ ಮಾಡಿ. ವೇದಿಕೆಯ ನಾಟಕದಿಂದ ಬಂದವರು ಕೊನೆಯ ಸಾಲಿನವರಿಗೆ ಕೇಳಲೆಂದು ಎದೆಯಿಂದ ದನಿ ಎತ್ತುತ್ತಾರೆ. ಇಲ್ಲಿ ಅದು ಬೇಡ. ಕೇಳುವವರ ಕಿವಿ ಒಂದು ಗೇಣು ದೂರದಲ್ಲೇ ಇದೆ.

ಹಾಳೆ ಹಿಡಿಯುವುದೂ ಒಂದು ಕಲೆ. ಹಾಳೆಯ ಒಂದೇ ಬದಿಗೆ ದಪ್ಪ ಅಕ್ಷರದಲ್ಲಿ ಮುದ್ರಿಸಿ. ಒಬ್ಬರ ಮಾತು ಒಂದು ಪುಟದಲ್ಲಿ ಶುರುವಾಗಿ ಇನ್ನೊಂದರಲ್ಲಿ ಮುಗಿಯದಿರಲಿ. ಪಿನ್ ಹೊಡೆಯಬೇಡಿ, ಪ್ಲಾಸ್ಟಿಕ್ ಹೊದಿಕೆಯೂ ಬೇಡ: ಅದು ಸದ್ದು ಮಾಡುತ್ತದೆ, ದೀಪಕ್ಕೆ ಮಿನುಗುತ್ತದೆ. ಓದಿ ಮುಗಿದ ಹಾಳೆಯನ್ನು ಮಗುಚದೆ ಮೆಲ್ಲಗೆ ಹಿಂದಕ್ಕೆ ಜಾರಿಸಿ. ಹಳೆಯ ರೇಡಿಯೊ ನಟರು ಅದನ್ನು ಸದ್ದಿಲ್ಲದೆ ನೆಲಕ್ಕೆ ಬಿಡುತ್ತಿದ್ದರು.

ಸದ್ದಿನ ಮೇಜು

ಈ ಪ್ರಕಾರದ ಜೀವ ಇರುವುದು ಇಲ್ಲಿ. ಸದ್ದು ಮಾಡುವವರನ್ನು ಪರದೆಯ ಹಿಂದೆ ಕೂರಿಸಿದ ತಂಡಗಳಿವೆ, ಎಲ್ಲ ಸದ್ದನ್ನೂ ಲ್ಯಾಪ್‌ಟಾಪಿನಿಂದ ಬಿಡುವ ತಂಡಗಳಿವೆ. ಎರಡೂ ತಪ್ಪು ಎಂದು ನಾನು ಖಡಾಖಂಡಿತವಾಗಿ ಹೇಳುತ್ತೇನೆ. ಪ್ರೇಕ್ಷಕರು ಎದ್ದು ಬಂದದ್ದೇ ಆ ಕೈಗಳನ್ನು ನೋಡಲು. ಸದ್ದಿನವರೂ ನಟರೇ. ಅವರ ಹೆಸರು ಕರಪತ್ರದಲ್ಲಿ ನಟರ ಸಾಲಿನಲ್ಲೇ ಬರಲಿ.

ಅಮೆರಿಕದ ಸಿಬಿಎಸ್ ಜಾಲದಲ್ಲಿ ಸದ್ದಿನ ವಿಭಾಗವನ್ನು ನಡೆಸುತ್ತಿದ್ದವರು ಓರಾ ನಿಕೊಲ್ಸ್ ಎಂಬ ಮಹಿಳೆ. 'ದಿ ವಾರ್ ಆಫ್ ದಿ ವರ್ಲ್ಡ್ಸ್'ನಲ್ಲಿ ಮಂಗಳದ ನೌಕೆಯ ಮುಚ್ಚಳ ತಿರುಚಿ ತೆರೆದುಕೊಳ್ಳುವ ಸದ್ದಿಗೆ ಗಾಜಿನ ಜಾಡಿಯೊಂದರ ಮುಚ್ಚಳವನ್ನು ಶೌಚಾಲಯದ ಗೋಡೆಗಳ ನಡುವೆ ತಿರುಗಿಸಿದರೆಂದು ಹೇಳುತ್ತಾರೆ. ಸಣ್ಣ ಸದ್ದಿಗೆ ಗೋಡೆಗಳ ಮಾರ್ದನಿ ಸೇರಿದೊಡನೆ ಅದು ಬೃಹದಾಕಾರವಾಗುತ್ತದೆ. ನೀವೂ ಬಚ್ಚಲುಮನೆಯಲ್ಲಿ, ಬಾವಿಯ ಬಾಯಲ್ಲಿ, ಖಾಲಿ ಡ್ರಮ್ಮಿನೊಳಗೆ ಕೈಗೆ ಸಿಕ್ಕಿದ್ದನ್ನೆಲ್ಲ ಬಾರಿಸಿ ನೋಡಿ.

ನಮ್ಮ ಮನೆಗಳಲ್ಲಿ ಬೇಕಾದದ್ದೆಲ್ಲ ಇದೆ. ಕುದುರೆಯ ಗೊರಸಿಗೆ ಎರಡು ತೆಂಗಿನ ಕರಟ. ಹಲಗೆಯ ಮೇಲೆ ಬಡಿದರೆ ಸೇತುವೆ, ಜಲ್ಲಿ ತುಂಬಿದ ತಟ್ಟೆಯಲ್ಲಾದರೆ ರಸ್ತೆ, ಕರಟದೊಳಗೆ ಬಟ್ಟೆ ತುರುಕಿದರೆ ಹುಲ್ಲುಗಾವಲು. ಕುದುರೆ ನಿಲ್ಲುವಾಗ ಲಯ ಒಮ್ಮೆಲೇ ಕಡಿಯದೆ, ಎರಡು ಮೂರು ಒಡೆದ ಹೆಜ್ಜೆಗಳಲ್ಲಿ ನಿಲ್ಲಬೇಕು. ಆ ಒಡೆದ ಹೆಜ್ಜೆಯಲ್ಲೇ ಕುದುರೆಗೆ ಜೀವ ಬರುವುದು. ಮಳೆಗೆ ಮೊರದಲ್ಲಿ ಅಕ್ಕಿ ಹಾಕಿ ನಿಧಾನಕ್ಕೆ ಆಡಿಸಿ, ಜೋರು ಮಳೆಗೆ ಕಡಲೆ ಬೆರೆಸಿ. ಬೆಂಕಿಗೆ ಬಿಸ್ಕತ್ತಿನ ಪೊಟ್ಟಣದ ಗರಿಗರಿ ಕಾಗದವನ್ನು ಮೈಕಿನ ಹತ್ತಿರ ಹಿಸುಕಿ, ನಡುನಡುವೆ ಒಣ ಕಡ್ಡಿ ಮುರಿಯಿರಿ. ಗುಡುಗಿಗೆ ಆಳೆತ್ತರದ ತೆಳು ತಗಡನ್ನು ತೂಗುಹಾಕಿ ಕೆಳತುದಿ ಹಿಡಿದು ಅಲುಗಿಸಿ. ಹಿಮದ ಮೇಲಿನ ನಡಿಗೆಗೆ ಮೆಕ್ಕೆಜೋಳದ ಪಿಷ್ಟದ ಪುಡಿ, ಅಂದರೆ ಕಾರ್ನ್‌ಫ್ಲೋರ್, ತುಂಬಿದ ಬಟ್ಟೆಯ ಚೀಲವನ್ನು ಹಿಂಡಿದರೆ ಸಾಕು. ಮೂಳೆ ಮುರಿಯಲು ಕ್ಯಾರೆಟ್. ಯಾರಾದರೂ ಬಿದ್ದರೆ ಮೊಣಕೈಗಳೆರಡನ್ನೂ ಒಂದರ ಹಿಂದೊಂದು ಮೇಜಿಗೆ ಬಿಡಿ. ಒಡೆದ ಗಾಜು, ಮೊಳೆ, ಕಲ್ಲುಚೂರು ತುಂಬಿ ಗಟ್ಟಿಯಾಗಿ ಮುಚ್ಚಿದ ತಗಡಿನ ಡಬ್ಬಿ ಯಾವ ಅಪಘಾತಕ್ಕೂ ಒದಗುತ್ತದೆ. ಫೋನಿನಾಚೆಯ ದನಿಗೆ ಕಾಗದದ ಲೋಟದೊಳಗೆ ಮಾತಾಡಿ. ಗುಂಡಿನ ಸದ್ದಿಗೆ ಚಪ್ಪಟೆ ಕೋಲಿನಿಂದ ಚರ್ಮದ ದಿಂಬಿಗೆ ಹೊಡೆಯಿರಿ; ಪಟಾಕಿ ಮಾತ್ರ ಸಭಾಂಗಣದೊಳಗೆ ತರಬೇಡಿ.

ಹಣ ಹಾಕುವುದಾದರೆ ಬಾಗಿಲಿಗೆ ಹಾಕಿ. ಮೂರಡಿ ಎತ್ತರದ ಚೌಕಟ್ಟು, ಅದಕ್ಕೊಂದು ದಪ್ಪ ಕದ, ಚಿಲಕ, ಬೀಗ, ಸರಪಣಿ, ಗಂಟೆ, ಇಷ್ಟನ್ನೂ ಒಬ್ಬ ಬಡಗಿ ಒಂದೆರಡು ದಿನದಲ್ಲಿ ಮಾಡಿಕೊಡುತ್ತಾರೆ. ಗಂಡ ಸಿಟ್ಟಿನಿಂದ ಹಾಕುವ ಬಾಗಿಲು ಬೇರೆ, ಕಳ್ಳ ಹಾಕುವುದು ಬೇರೆ, ಮಗು ಮಲಗಿದೆಯೆಂದು ತಾಯಿ ಹಾಕುವುದು ಬೇರೆ. ಸದ್ದಿನವರಿಗೆ ಈ ಮೂರನ್ನೂ ಮಾಡಿ ತೋರಿಸಿ ಎಂದು ಕೇಳಿ. ಮಾಡಿ ತೋರಿಸಿದವರನ್ನು ಬಿಡಬೇಡಿ.

ಉಪಕರಣ ಕೈಕೊಟ್ಟರೆ ಬಾಯಿಯಿದೆ. ಜಾಕ್ ಬೆನ್ನಿಯ ಕಾರ್ಯಕ್ರಮದಲ್ಲಿ ಅವನ ಲಟಾರಿ ಮ್ಯಾಕ್ಸ್‌ವೆಲ್ ಕಾರಿನ ಸದ್ದಿನ ಮುದ್ರಿಕೆ ಒಮ್ಮೆ ಕೈಕೊಟ್ಟಿತು. ಪಕ್ಕದಲ್ಲಿದ್ದ ಮೆಲ್ ಬ್ಲ್ಯಾಂಕ್ ಮೈಕು ಹಿಡಿದು ಕೆಮ್ಮಿ, ಉಗ್ಗಿ, ಗೊರಗುಟ್ಟಿ ಎಂಜಿನ್ನನ್ನು ಬಾಯಲ್ಲೇ ಎಬ್ಬಿಸಿದರು. ಅದೆಷ್ಟು ಚೆನ್ನಾಗಿ ಬಂತೆಂದರೆ ಆಮೇಲೆ ಆ ಕಾರು ಅವರದೇ ಪಾತ್ರವಾಯಿತು.

ತಾಲೀಮು

ಅರ್ಧ ಗಂಟೆಯ ನಾಟಕಕ್ಕೆ ಸುಮಾರು 30 ಪುಟ, ಪುಟಕ್ಕೊಂದು ನಿಮಿಷ ಎಂಬುದು ಸ್ಥೂಲ ಲೆಕ್ಕ. ಒಂದು ಸಂಜೆಗೆ ಎರಡು ಅರ್ಧಗಂಟೆಯ ನಾಟಕ, ಒಂದು ರೋಮಾಂಚಕ, ಒಂದು ಹಾಸ್ಯ, ನಡುವೆ ವಿರಾಮ. ಅದಕ್ಕಿಂತ ಹೆಚ್ಚು ಬೇಡ, ಬರೀ ಕೇಳಿಸಿಕೊಳ್ಳುವುದಕ್ಕೂ ದಣಿವಿದೆ.

ಓದಿಕೊಂಡೇ ಆಡುವುದಲ್ಲವೇ ಎಂದು ತಾಲೀಮು ಕಡಿಮೆ ಮಾಡುವವರಿದ್ದಾರೆ. ಮೇಜಿನ ಸುತ್ತ ಕೂತು ಎರಡು ಓದು, ಮೈಕಿನೊಂದಿಗೆ ಎರಡು, ಸದ್ದಿನೊಂದಿಗೆ ಕನಿಷ್ಠ ಮೂರು ಬೇಕೇ ಬೇಕು. ಸದ್ದಿನವರು ಕೊನೆಯ ದಿನ ಬಂದು ಸೇರಿಕೊಳ್ಳುವ ಪದ್ಧತಿ ಇಲ್ಲಿ ನಡೆಯದು. 'ಸಾರಿ, ರಾಂಗ್ ನಂಬರ್'ನ ಮೊದಲ ಪ್ರಸಾರದಲ್ಲೇ ಕೊನೆಯಲ್ಲಿ ಒಂದು ಸೂಚನೆ ತಪ್ಪಿ, ಕಥೆ ಹೇಗೆ ಮುಗಿಯಿತೆಂದು ಕೇಳುಗರಿಗೆ ಗೊಂದಲವಾಗಿತ್ತು. ನುರಿತ ವೃತ್ತಿಪರರಿಗೇ ಆದದ್ದು ನಮಗಾಗದೆಂದು ಹೇಗೆ ಹೇಳುವುದು? ಪ್ರತಿ ಸದ್ದಿಗೂ ಹಸ್ತಪ್ರತಿಯಲ್ಲಿ ಒಂದು ಸಂಖ್ಯೆ ಇರಲಿ, ಅದೇ ಸಂಖ್ಯೆಯ ಚೀಟಿ ಮೇಜಿನ ಮೇಲೆ ಆಯಾ ವಸ್ತುವಿನ ಪಕ್ಕದಲ್ಲಿರಲಿ.

ನಿರ್ದೇಶಕರು ಪ್ರದರ್ಶನದ ಹೊತ್ತಿಗೂ ವೇದಿಕೆಯ ಮೇಲೆಯೇ ಇರಲಿ. ರೇಡಿಯೊ ನಿರ್ದೇಶಕರು ಮಾತಿಲ್ಲದೆ ಕೈಸನ್ನೆಯಲ್ಲೇ ಎಲ್ಲ ನಡೆಸುತ್ತಿದ್ದರು. ಬೆರಳು ತೋರಿಸಿದರೆ ಶುರುಮಾಡು, ಎರಡು ಕೈಗಳಿಂದ ದಾರ ಎಳೆದಂತೆ ಮಾಡಿದರೆ ನಿಧಾನಿಸು, ಬೆರಳು ಗಿರ್ರನೆ ತಿರುಗಿಸಿದರೆ ಚುರುಕಾಗು, ಮೂಗು ಮುಟ್ಟಿಕೊಂಡರೆ ಹೊತ್ತು ಸರಿಯಾಗಿದೆ. ಈ ಸನ್ನೆಗಳನ್ನು ನೋಡುವುದೂ ಪ್ರೇಕ್ಷಕರಿಗೆ ಖುಷಿ.

ದೃಶ್ಯ ದೃಶ್ಯಗಳ ನಡುವಿನ ಸೇತುವೆಗೆ ಅಲ್ಲಿ ಆರ್ಗನ್ ಬಳಸುತ್ತಿದ್ದರು, ನಮಗೆ ಹಾರ್ಮೋನಿಯಂ ಇದೆ. ಅಲ್ಲಿನ ತಂಡಗಳು ಪ್ರಾಯೋಜಕರ ಜಾಹೀರಾತನ್ನೂ ಹಳೆಯ ಶೈಲಿಯಲ್ಲಿ ಹಾಡಿ ತೋರಿಸುತ್ತವೆ. ನಿಮ್ಮ ಊರಿನ ಬೇಕರಿ, ಬಟ್ಟೆ ಅಂಗಡಿಯವರಿಂದ ದೇಣಿಗೆ ಪಡೆದು ವಿರಾಮದ ಮೊದಲು ಅವರ ಹೆಸರಿನಲ್ಲಿ ಅರ್ಧ ನಿಮಿಷದ ಹಾಡೊಂದನ್ನು ಕಟ್ಟಿ. ಸಭಾಂಗಣದ ಬಾಡಿಗೆಯ ಒಂದು ಪಾಲು ಅಲ್ಲಿಂದಲೇ ಹುಟ್ಟುತ್ತದೆ.

ನಮ್ಮಲ್ಲಿ

ಕನ್ನಡಿಗರಿಗೆ ರೇಡಿಯೊ ನಾಟಕ ಹೊರಗಿನದಲ್ಲ. ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ ನಿಲಯ ಶುರುಮಾಡಿದರು, 'ಆಕಾಶವಾಣಿ' ಎಂಬ ಹೆಸರು ದೇಶಕ್ಕೆ ಹೋದದ್ದು ಅಲ್ಲಿಂದ. ಧಾರವಾಡ ನಿಲಯ 1950ರಲ್ಲಿ, ಬೆಂಗಳೂರು ನಿಲಯ 1955ರಲ್ಲಿ ಆರಂಭವಾದವು. ಬೆಂಗಳೂರು ಆಕಾಶವಾಣಿಯ ಎ.ಎಸ್. ಮೂರ್ತಿಯವರನ್ನು ಜನ 'ರೇಡಿಯೊ ಈರಣ್ಣ' ಎಂದೇ ಗುರುತಿಸುತ್ತಿದ್ದರು. ಮುಂದೆ ಅವರು 'ಅಭಿನಯ ತರಂಗ' ಎಂಬ ಭಾನುವಾರದ ನಾಟಕ ಶಾಲೆ ಕಟ್ಟಿದರು. ಗಿರೀಶ ಕಾರ್ನಾಡರು ಬಿಬಿಸಿಯ ಕೋರಿಕೆಯ ಮೇರೆಗೆ ಇಂಗ್ಲಿಷಿನಲ್ಲಿ ರೇಡಿಯೊಗೆಂದು ಬರೆದ ನಾಟಕ 1997ರಲ್ಲಿ ಪ್ರಸಾರವಾಯಿತು, ಅದೇ 'ಟಿಪ್ಪು ಸುಲ್ತಾನ ಕಂಡ ಕನಸು' ಆಗಿ ನಮ್ಮ ವೇದಿಕೆಗೆ ಬಂತು. ಕೈಲಾಸಂ ತೀರಿಕೊಂಡದ್ದು 1946ರಲ್ಲಿ, ಅವರ ನಾಟಕಗಳು ಭಾರತದಲ್ಲಿ ಈಗ ಯಾರ ಅನುಮತಿಯೂ ಇಲ್ಲದೆ ಆಡಲು ಸಿಗುತ್ತವೆ. ಬಹುಪಾಲು ಮಾತಿನಿಂದಲೇ ಬೆಳೆಯುವ ಆ ನಾಟಕಗಳು ಮೈಕಿಗೆ ಚೆನ್ನಾಗಿ ಒಗ್ಗುತ್ತವೆ. ಅಮೆರಿಕದ ಕನ್ನಡ ಕೂಟಗಳ ಗೆಳೆಯರಿಗೂ ಇದನ್ನೇ ಹೇಳುತ್ತೇನೆ. ವಾರಾಂತ್ಯದಲ್ಲಷ್ಟೇ ಸೇರಲಾಗುವ ನಿಮಗೆ ಇದು ಕೈಗೆಟಕುವ ನಾಟಕ. ಇದನ್ನು ಬಲ್ಲ ತಂಡಗಳೂ ನೀವಿರುವ ದೇಶದಲ್ಲೇ ಇವೆ. ಡಿಸೆಂಬರಿನಲ್ಲಿ ಒಮ್ಮೆ ಹೋಗಿ ನೋಡಿ, ಮುಗಿದ ಮೇಲೆ ಸದ್ದಿನ ಮೇಜಿನ ಹತ್ತಿರ ಹೋಗಿ ಮಾತಾಡಿಸಿ.

ಕನ್ನಡದಲ್ಲಿ ನಮಗಿರುವ ದೊಡ್ಡ ಕೊರತೆ ಹಸ್ತಪ್ರತಿಗಳದು. ಆಕಾಶವಾಣಿಗೆ ನಾಟಕ ಬರೆದವರು, ಅದರಲ್ಲಿ ದನಿ ಕೊಟ್ಟವರು, ಸದ್ದು ಮಾಡಿದವರು ಹಲವರ ಮನೆಗಳಲ್ಲಿ ಇದ್ದಾರೆ, ಇದ್ದರು. ನಿಮ್ಮ ಮನೆಯ ಅಟ್ಟದಲ್ಲೋ ಟ್ರಂಕಿನಲ್ಲೋ ಅಂಥ ಬೆರಳಚ್ಚಿನ ಪ್ರತಿಯೊಂದು ಇದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ಪುಟ ಪುಟದ ಚಿತ್ರ ತೆಗೆದಿಟ್ಟು, ಪ್ರತಿಯನ್ನು ಹತ್ತಿರದ ಗ್ರಂಥಾಲಯಕ್ಕೋ ನಿಮ್ಮೂರಿನ ನಾಟಕ ತಂಡಕ್ಕೋ ತಲುಪಿಸಿ. ಆಡುವ ಅನುಮತಿಯನ್ನೂ ಒಂದು ಕಾಗದದಲ್ಲಿ ಬರೆದು ಜೊತೆಗಿಟ್ಟರೆ ತಂಡದವರು ಮರುದಿನವೇ ಓದಲು ಕೂರಬಹುದು.